ಬರೆಯದೆ ಬಿಟ್ಟ ಶೀರ್ಮಾಲ್

ಬೀದರ ಗಡಿಯಾಚೆಯ ಜಹೀರಾಬಾದಿಗೆ ಬಂದ ಮೂರನೆಯ ದಿನ ಸಂಜೆ, ಕೆಳಗಿನ ಮನೆಯಲ್ಲಿ ಯಾರೋ ಕಂಬಳಿ ಒಗೆಯುತ್ತಿದ್ದಾರೆ ಅಂದುಕೊಂಡೆ. ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಾಗ ಬರುವ ದಪ್ಪ ಸದ್ದು. ದಾವಣಗೆರೆಯ ನಮ್ಮ ಓಣಿಯಲ್ಲಿ ಹೆಂಗಸರು ಬೆಳಗ್ಗೆ ಒಗೆಯುತ್ತಾರೆ. ಇಲ್ಲಿ ನಲ್ಲಿ ಸಂಜೆ ಬರುತ್ತದೇನೋ, ಇದೂ ಒಂದು ವ್ಯತ್ಯಾಸ ಎಂದು ಡೈರಿಯಲ್ಲಿ ಬರೆದುಕೊಳ್ಳಲು ಪೆನ್ನನ್ನೂ ತೆಗೆದೆ. ಐದನೆಯ ಏಟಿಗೆ ಕಂಬಳಿ ಕೂಗಿತು.

ಮರುದಿನ ಬೆಳಗ್ಗೆ ಮನೆ ಮಾಲೀಕ ಶಿವರಾಜ ಮೆಟ್ಟಿಲು ಹತ್ತಿ ಬಂದ. ಸ್ನಾನ ಮಾಡಿ ವಿಭೂತಿ ಹಚ್ಚಿದ್ದ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವನಾದ್ದರಿಂದ ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು. ಕೈಯಲ್ಲಿ ತುಪ್ಪ ಜಿನುಗುವ ಕಾಗದದ ಪೊಟ್ಟಣ.

"ತಗೋರಿ ಮೇಡಂ. ಭಟ್ಟಿಯಿಂದ ಈಗ ತೆಗದದ್ದು, ಬಿಸಿ ಅದಾ. ನಮ್ಮ ಊರಿಗಿ ಬಂದೀರಿ, ಇದು ತಿನ್ಲಿಲ್ಲಂದ್ರ ಹೆಂಗ?"

ಪೊಟ್ಟಣದಲ್ಲಿದ್ದ ಶೀರ್ಮಾಲ್ ಎಂದರೆ ಏನೆಂದು ನಿಮಗೆ ಹೇಳಬೇಕು. ಮೈದಾಹಿಟ್ಟನ್ನು ನೀರು ತಾಕಿಸದೆ ಹಾಲು, ತುಪ್ಪ, ಸಕ್ಕರೆಯಲ್ಲಿ ನಾದಿ, ಕಟ್ಟಿಗೆಯ ಭಟ್ಟಿಯ ಒಳಗೋಡೆಗೆ ಬಡಿದು ಸುಡುತ್ತಾರೆ. ಮೇಲೆ ಕೇಸರಿ ಹಾಲು ಸವರುತ್ತಾರೆ. ನಮ್ಮ ಬೆಣ್ಣೆ ದೋಸೆ ಬಾಯಿಗಿಟ್ಟ ಕೂಡಲೇ ಮುರಿದು ಶರಣಾಗುತ್ತದೆ. ಶೀರ್ಮಾಲ್ ಹಾಗಲ್ಲ. ಎರಡೂ ಕೈಯಲ್ಲಿ ಹಿಡಿದು ಹರಿಯಬೇಕು, ಒಳಗಿನ ಎಳೆಗಳು ಬಿಡಲಾರದೆ ಬಿಡುತ್ತವೆ. ಅವತ್ತು ಬಾಗಿಲು ಹಾಕಿಕೊಂಡು, ನಿಂತುಕೊಂಡೇ ಪೂರ್ತಿ ತಿಂದೆ. ಕೆಳಗಿನ ಸದ್ದು ನೆನಪಿತ್ತೆ? ಇತ್ತು ಎಂದು ಈಗ ಅನಿಸುತ್ತದೆ. ಆದರೆ ಈಗಿನ ನಾನು ಆಗಿನ ನನ್ನನ್ನು ಶಿಕ್ಷಿಸಲು ಹೊರಟವಳು. ನನ್ನ ಮಾತನ್ನು ಪೂರ್ತಿ ನಂಬಬೇಡಿ.

ನಾನು ಇಲ್ಲಿಗೆ ಬಂದದ್ದು ಬೀಜ ಪರೀಕ್ಷೆಯ ಕೆಲಸಕ್ಕೆ. ತಾಂಡೂರಿನ ತೊಗರಿ, ನಾರಾಯಣಖೇಡದ ಹೆಸರುಕಾಳು, ಜೋಳ, ಎಲ್ಲದರ ಮಾದರಿ ಬರುತ್ತದೆ. ನೂರು ಬೀಜ ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸಿ ಬರೆಯುವುದು ನನ್ನ ಉದ್ಯೋಗ. ಮೊಳೆಯದ್ದನ್ನೂ ಬರೆಯಬೇಕು. ಹಾಗೆ ಬರೆಯದಿದ್ದರೆ ಕೆಲಸ ಹೋಗುತ್ತದೆ.

ಬಂದಾಗ ಎಂಬತ್ತಾರು ಕಿಲೋ ಇದ್ದೆ. ಮಂಡಿ ಎರಡೂ ಮಾತು ಕೇಳುತ್ತಿರಲಿಲ್ಲ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿತ್ತು. ಇಲ್ಲಿನ ಡಾಕ್ಟರಮ್ಮ ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿದರು. ಬಾಯಿಗೆ ಹೋದದ್ದೆಲ್ಲ ದಿನಾಂಕ ಹಾಕಿ ಬರೆಯಬೇಕು. ಪ್ರತಿ ತಿಂಗಳು ಅವರೇ ತೂಕ ನೋಡಿ ಕೆಂಪು ಪೆನ್ನಿನಲ್ಲಿ ಅಂಚಿಗೆ ನಮೂದಿಸುತ್ತಾರೆ. ಶೀರ್ಮಾಲ್ ಕೊಳ್ಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ. ಭಟ್ಟಿಯ ಮುಂದೆ ಹೋಗುವಾಗ ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದೆ. ಎಂಟು ತಿಂಗಳಲ್ಲಿ ಒಂದನ್ನೂ ನಾನಾಗಿ ಕೊಳ್ಳಲಿಲ್ಲ. ನನ್ನ ಹೊಟ್ಟೆಗೆ ಹೋದ ಪ್ರತಿ ಶೀರ್ಮಾಲೂ ಶಿವರಾಜ ತಂದುಕೊಟ್ಟದ್ದು.

ಅವನು ತರುತ್ತಿದ್ದದ್ದು ಹೆಂಡತಿಯನ್ನು ಹೊಡೆದ ಮರುದಿನ ಬೆಳಗ್ಗೆ ಮಾತ್ರ.

ಇದು ನನಗೆ ಯಾವಾಗ ತಿಳಿಯಿತು? ಮೂರನೆಯ ಸಲ ಎಂದು ಎಲ್ಲರಿಗೂ ಹೇಳಿದ್ದೇನೆ. ಎರಡನೆಯ ಸಲವೇ ಇರಬೇಕು. ಒಮ್ಮೆ "ಬೇಡ, ನಾನು ತೂಕ ಇಳಿಸುತ್ತಿದ್ದೇನೆ" ಎಂದೆ. ಅವನು ನಕ್ಕು, ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಇಳಿದು ಹೋದ. ಅರ್ಧ ಗಂಟೆ ತಡೆದೆ. ಆಮೇಲೆ ಇರುವೆ ಝಾಡಿಸಿ ತಿಂದೆ. ತಿಂದು ಹೊಟ್ಟೆಗೆ ನಾನೇ ಗುದ್ದಿಕೊಂಡೆ, ನೀಲಿಗಟ್ಟುವಷ್ಟು. ಆ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು: ಜೋಳದ ರೊಟ್ಟಿ ಅರ್ಧ, ಮಜ್ಜಿಗೆ.

ಹೀಗೆ ಒಂದು ಬರೆದರೆ ಎರಡು ಬಿಡುತ್ತ ಬಂದೆ. ಡಾಕ್ಟರಮ್ಮನ ಎದುರು ನಾಚಿಕೆ, ಅಷ್ಟೆ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

ಅವನ ಹೆಂಡತಿ ಕಲಾವತಿಗೆ ಮೂವತ್ತೈದರ ಆಸುಪಾಸು. ಮೆಣಸಿನಕಾಯಿ ಒಣಗಿಸಲು ಮಾಳಿಗೆಗೆ ಬಂದಾಗೆಲ್ಲ ನನ್ನ ಬಾಗಿಲಲ್ಲಿ ಕೂರುತ್ತಿದ್ದಳು. ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸುವ ಅವಳ ಮಾತು ಮೊದಮೊದಲು ನನಗೆ ಅರ್ಧವೇ ತಿಳಿಯುತ್ತಿತ್ತು. "ಜರಾ ಸರೀರಿ" ಎಂದರೆ ಸ್ವಲ್ಪ ಸರಿಯಿರಿ, "ಫೈಸಲಾ" ಎಂದರೆ ತೀರ್ಮಾನ, ಇವೆಲ್ಲ ಅವಳೇ ಕಲಿಸಿದ್ದು. ಈ ಊರಿನಲ್ಲಿ ನನ್ನನ್ನು ಅಕ್ಕಾ ಎಂದು ಕರೆದ ಮೊದಲಿಗಳೂ ಅವಳೇ.

"ಅಕ್ಕಾ, ನಿಮ್ಮ ಮೈಯಾಗಿಂದು ಅರ್ಧ ನಂಗ ಕೊಡ್ರಿ. ನಿಮಗೂ ಹಗುರ ಆಗ್ತದ, ನಂಗೂ ಪೆಟ್ಟು ಎಲುಬಿಗಿ ಹತ್ತಂಗಿಲ್ಲ."

ನಾನು ನಕ್ಕೆ. ಅವಳೂ ನಕ್ಕಳು. ಅವಳ ಕಿವಿಯ ಹಿಂದೆ ಕೂದಲು ಕಿತ್ತು ಬಂದ ಜಾಗ ಕೆಂಪಗೆ ಕಾಣುತ್ತಿತ್ತು.

"ಪೊಲೀಸರಿಗೆ ಹೇಳೋಣವಾ?" ಎಂದು ಕೇಳಿದೆ.

"ನೀವು ಹೇಳ್ತೀರೇನು?"

ನಾನು ನೀರು ತರಲು ಒಳಗೆ ಎದ್ದು ಹೋದೆ. ವಾಪಸು ಬಂದಾಗ ಅವಳು ನೋಟ್‌ಬುಕ್ ತಿರುವಿ ಹಾಕುತ್ತಿದ್ದಳು. ಬೀದರ ಕಡೆ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಶೀರ್ಮಾಲ್ ಎಂದಿದ್ದ ಒಂದು ಸಾಲನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ಮುಚ್ಚಿಟ್ಟಳು.

ಮಾವಿನ ಹೂವಿನ ಹೊತ್ತಿಗೆ, ಒಂದು ಸಂಜೆ, ಸದ್ದು ಬೇರೆಯಾಗಿತ್ತು. ಕಬ್ಬಿಣ ಗೋಡೆಗೆ ತಾಗಿದ ಸದ್ದು. ನಾನು ಮೆಟ್ಟಿಲಿಳಿದೆ, ಆರನೆಯ ಮೆಟ್ಟಿಲಿನಲ್ಲಿ ನಿಂತೆ. ಅಲ್ಲಿಂದ ಕೆಳಗಿನ ಪಡಸಾಲೆ ಪೂರ್ತಿ ಕಾಣುತ್ತದೆ. ಶಿವರಾಜನ ಕೈಯಲ್ಲಿ ಪಾನಾ ಇತ್ತು, ನಟ್ಟು ಬಿಚ್ಚುವ ಉದ್ದನೆಯದು. ಮೊದಲ ಏಟಿಗೆ ಗೋಡೆಯ ಗಾರೆ ಉದುರಿತು. ಎರಡನೆಯದು ಕಲಾವತಿ ತಲೆಗೆ ಅಡ್ಡ ಹಿಡಿದ ಮುಂಗೈಗೆ ಬಿತ್ತು. ಹಸಿ ಕಬ್ಬು ಮುರಿದ ಸದ್ದು. ಕೈ, ಮಡಚಬಾರದ ಕಡೆ ಮಡಚಿತು. ಬಾಗಿಲ ಬಳಿ ಅವನ ತಾಯಿ ಮೊರದಲ್ಲಿ ತೊಗರಿ ಕೇರುತ್ತಿದ್ದಳು, ಕೇರುವುದು ನಿಲ್ಲಲಿಲ್ಲ. ಮೂರನೆಯ ಏಟು ಬೆನ್ನಿಗೆ. ನಾಲ್ಕನೆಯದಕ್ಕೆ ಪಾನಾ ಜಾರಿ ಬಿದ್ದಾಗ ಅವನು ಕಾಲು ಬಳಸಿದ.

ನನ್ನ ನೆನಪಿನಲ್ಲಿ ನಾನು ಉಸಿರೆತ್ತದೆ ನಿಂತಿದ್ದೇನೆ. ಕಲಾವತಿ ಬೇರೆ ಹೇಳುತ್ತಾಳೆ: "ನೀವು ಚೀರಿದ್ರಿ ಅಕ್ಕಾ. ಓಣಿಯೆಲ್ಲಾ ಕೇಳ್ತು. ಅದಕ್ಕೇ ಬಿಟ್ಟ." ಅವಳು ನನಗೆ ಕೊಟ್ಟ ಉಡುಗೊರೆ ಇದು ಎಂದು ಅನುಮಾನ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮಾತ್ರ ನಿಜ. ಅವಳ ರಕ್ತದ ಕಲೆ ಇರುವ ಸೀರೆ ಇನ್ನೂ ಇದೆ.

ಮರುದಿನ ಬೆಳಗ್ಗೆಯೂ ಪೊಟ್ಟಣ ಬಂದಿತ್ತು. ಮೂರು ಶೀರ್ಮಾಲ್. ಅದನ್ನು ತಿನ್ನಲಿಲ್ಲ. ಅದನ್ನು ದೊಡ್ಡ ಗೆಲುವೆಂದು ಬರೆಯುವಷ್ಟು ಕೆಟ್ಟಿಲ್ಲ ನಾನು.

ಭಾನುವಾರ ಮೊಗುಡಂಪಲ್ಲಿಯಿಂದ ಅವಳ ಅಣ್ಣ ಮಾಣಿಕಪ್ಪ ಬಂದ, ಎರಡೂ ಕಡೆಯ ಹಿರಿಯರು ಬಂದರು. ಇಲ್ಲಿ ಗಂಡ ಹೆಂಡಿರ ಜಗಳ ಠಾಣೆಗೆ ಹೋಗುವ ಮೊದಲು ಅಂಗಳದಲ್ಲಿ ಕುರ್ಚಿ ಹಾಕಿ ಪಂಚಾಯ್ತಿ ನಡೆಯುತ್ತದೆ. ನಡುವೆ ಕೂತವರು ಬಿಳಿ ಮೀಸೆಯ ಪಟೇಲರು. ಅವರ ಮಾತೇ ಫೈಸಲಾ. ಒಮ್ಮೆ ಕೈ ತಪ್ಪಿದ್ದು ಎಂದು ತೀರ್ಮಾನವಾದರೆ ಕಲಾವತಿ ಅವತ್ತೇ ಅದೇ ಪಡಸಾಲೆಗೆ ವಾಪಸು. ಪದೇ ಪದೇ ಹೊಡೆಯುತ್ತಾನೆ ಎಂದಾದರೆ ಅಣ್ಣನ ಜೊತೆ ಹೋಗಬಹುದು, ದೂರು ಕೊಡಬಹುದು, ಹಿರಿಯರು ಅಡ್ಡ ಬರುವುದಿಲ್ಲ.

"ಒಂದ್ ಸಲ ಆಗ್ಯಾದ್ರಿ ಪಟೇಲ್ರ," ಎಂದ ಶಿವರಾಜ, ಕೈ ಮುಗಿದು. "ಸಿಟ್ಟಿನ್ಯಾಗ. ಒಂದೇ ಸಲ."

"ಬಾಯಿ ಭಾಳ ಆಕೀದು," ಎಂದಳು ಅವನ ತಾಯಿ.

ಕಲಾವತಿ ಬಿಳಿ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಈ ಎಂಟು ತಿಂಗಳಾಗೇ ಇಪ್ಪತ್ತಾರು ಸಲ. ಮ್ಯಾಲಿನ ಅಕ್ಕನ ಬುಕ್ಕಿನಾಗ ಬರದದ, ತರ್ಸಿ ನೋಡ್ರಿ. ನಂಗ ಹೊಡದ ಮರುದಿನಾ ಅವರಿಗಿ ಶೀರ್ಮಾಲ್ ಹೋಗ್ತದ." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಬೆನ್ನಿಂದು ಶೀರ್ಮಾಲ್ ರುಚಿ ಇತ್ತೇನ್ರಿ ಅಕ್ಕಾ?"

ಅಂಗಳದಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮೇಲೆ ಹೋಗಿ ನೋಟ್‌ಬುಕ್ ತಂದೆ. ಪಟೇಲರು ಕನ್ನಡಕ ಏರಿಸಿ ಒಂದೊಂದೇ ಪುಟ ತಿರುಗಿಸಿದರು, ಶೀರ್ಮಾಲ್ ಕಂಡಲ್ಲೆಲ್ಲ ಬೆರಳು ಮಡಚಿದರು. ಒಂಬತ್ತಕ್ಕೆ ಬೆರಳು ನಿಂತಿತು.

"ಒಂಬತ್ತು ಅದಾವ. ಇಪ್ಪತ್ತಾರು ಎಲ್ಲ್ಯದಾವ ತಾಯಿ?"

ಶಿವರಾಜ ನಕ್ಕ. "ನೋಡ್ರಿ! ಮೇಡಂ ದಿನಾ ಬೀಜ ಎಣಸೋರು, ಅವರ ಲೆಕ್ಕ ಗಲತ್ ಆಗ್ತದೇನು? ಆಕೀ ಮಾತೇ ಝೂಟ್. ಈ ಒಂಬತ್ತು ಸಲನೂ ಪ್ರೀತಿಲೇ ಕೊಟ್ಟೀನಿ, ಬಾಡಿಗಿ ಇದ್ದೋರಂತ."

ಕಲಾವತಿಯ ಮುಖ ನೋಡಿದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು, ತುಟಿ ಅಲುಗಿಸುತ್ತ. ತನ್ನ ನೆನಪೇ ತಪ್ಪಿರಬಹುದೇ ಎಂದು. ಆ ತುಟಿಗಳನ್ನು ನೋಡಲಾಗಲಿಲ್ಲ.

"ಬುಕ್ ಸುಳ್ಳು," ಎಂದೆ. "ನಾನು ತಿಂದು ಬರೆದಿಲ್ಲ. ಡಾಕ್ಟರಿಗೆ ಗೊತ್ತಾಗಬಾರದು ಅಂತ."

"ಈಗ ಹಂಗ ಹೇಳ್ತೀರಿ ಮೇಡಂ," ಎಂದ ಶಿವರಾಜ. ಧ್ವನಿಯಲ್ಲಿ ನಗು ಇರಲಿಲ್ಲ.

ಪಟೇಲರು ಪುಟದ ಅಂಚಿಗೆ ಬೆರಳಿಟ್ಟರು. "ಈ ಕೆಂಪು ಅಕ್ಷರ ಯಾರದ್ರಿ?"

"ಡಾಕ್ಟರದು. ನನ್ನ ತೂಕ."

"ಎಂಬತ್ತಾರು... ಎಂಬತ್ತೆಂಟು... ತೊಂಬತ್ತು..." ಅವರು ಜೋರಾಗಿ ಓದಿದರು. "ತೊಂಬತ್ಮೂರು. ಈ ಕಡಿ ಬರದದ್ದು ಅರ್ಧ ರೊಟ್ಟಿ, ಮಜ್ಜಿಗಿ, ಸವತಿಕಾಯಿ." ಕನ್ನಡಕ ಇಳಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಮಜ್ಜಿಗಿ ಕುಡದು ಏಳು ಕೇಜಿ ಏರ್ಯಾರಂದ್ರ ನಮ್ಮ ಎಮ್ಮಿಗೂ ಈ ಡಾಕ್ಟರನ್ನೇ ತೋರಸ್ಬೇಕು."

ಗಂಡಸರೆಲ್ಲ ನಕ್ಕರು. ಮಾಣಿಕಪ್ಪನೂ ನಕ್ಕ. ಆ ನಗೆ ನನ್ನ ತೋಳು, ಹೊಟ್ಟೆ, ಸೊಂಟದ ಮೇಲೆಲ್ಲ ಕೈಯಾಡಿಸಿದಂತೆ ಹರಿದಾಡಿತು. ನಾನು ಅಲುಗದೆ ನಿಂತೆ. ನಗು ಮುಗಿದ ಮೇಲೆ ಪಟೇಲರು ನೋಟ್‌ಬುಕ್ ಮುಚ್ಚಿ ಶಿವರಾಜನಿಗೆ ಹೇಳಿದರು: "ಮೈ ಸುಳ್ಳು ಹೇಳಂಗಿಲ್ಲೋ ತಮ್ಮಾ. ಹುಡುಗಿ ತವರಿಗಿ ಹೋಗ್ತಾಳ. ಮುಂದ ಆಕೀ ಮರ್ಜಿ."

ಅವತ್ತೇ ಮಧ್ಯಾಹ್ನ ಶಿವರಾಜ ನನ್ನ ಬಾಗಿಲು ಒದ್ದು ಒಳಗೆ ಬಂದ. "ನಂದೇ ತಿಂದು ನಂಗೇ..." ಎಂದು ಶುರು ಮಾಡಿದ ಮಾತನ್ನು ಮುಗಿಸಲಿಲ್ಲ. ನಾನು ಮೂಲೆಯಲ್ಲಿಟ್ಟುಕೊಂಡಿದ್ದ ತೂಕದ ಯಂತ್ರ ಎತ್ತಿ ಮಾಳಿಗೆಯಿಂದ ಕೆಳಗೆಸೆದ. ಗಾಜು ಅಂಗಳವೆಲ್ಲ ಹರಡಿತು. ಕುಕ್ಕರ್, ಪುಸ್ತಕ, ಮೊಳಕೆಯ ತಟ್ಟೆ, ಒಂದೊಂದಾಗಿ ಹೋದವು. ಕೊನೆಗೆ ನನ್ನ ಮಣಿಕಟ್ಟು ಹಿಡಿದು ತಿರುವಿದ. ಎಂಟು ತಿಂಗಳು ಮೇಲಿನಿಂದ ಕೇಳಿದ್ದು ಒಳಗಿನಿಂದ ಹೇಗಿರುತ್ತದೆ ಎಂದು ಒಂದು ಕ್ಷಣ ತಿಳಿಯಿತು. ನಾನು ಗೋಡೆಗೆ ಒರಗಿ ಪೂರ್ತಿ ಭಾರ ಹಾಕಿ ಅವನನ್ನು ದೂಡಿದೆ. ಅವನು ಕಟ್ಟೆಗೆ ತಾಗಿ ಬಿದ್ದ, ನಾನು ಅವನ ಮೇಲೆ ಕೂತೆ. ತೊಂಬತ್ತಮೂರು ಕಿಲೋ. ಓಣಿಯವರು ಹತ್ತಿ ಬರುವವರೆಗೆ ಅವನು ಏಳಲಿಲ್ಲ, ನಾನೂ ಇಳಿಯಲಿಲ್ಲ.

ಈಗ ಭಟ್ಟಿಯ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ನೋಟ್‌ಬುಕ್ ಕಲಾವತಿ ಕೊಟ್ಟ ದೂರಿನ ಜೊತೆ ಠಾಣೆಯಲ್ಲಿದೆ. ಬರೆಯದ ಹದಿನೇಳರ ದಿನಾಂಕ ನೆನಪಿಸಿಕೊಂಡು ಹೇಳಿ ಎಂದರು. ಹನ್ನೊಂದು ಹೇಳಿದೆ. ಉಳಿದ ಆರು ಸಿಕ್ಕಿಲ್ಲ.

ನಡುವೆ ದಾವಣಗೆರೆಗೆ ಹೋಗಿದ್ದೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಸರೋಜತ್ತೆಯ ಕೂಗು ಕೇಳಿದಾಗೆಲ್ಲ ಅಮ್ಮ ರೇಡಿಯೋ ಜೋರು ಮಾಡುತ್ತಿದ್ದಳು ಎಂದು ನನ್ನ ನೆನಪು. ಅಮ್ಮನನ್ನೇ ಕೇಳಿದೆ.

"ಯಾವ ರೇಡಿಯೋನೇ? ನಮ್ಮನೇಲಿ ರೇಡಿಯೋ ಎಲ್ಲಿತ್ತು?" ಎಂದಳು ಅಮ್ಮ. "ಸರೋಜ ಬಚ್ಚಲಲ್ಲಿ ಜಾರಿ ಬೀಳ್ತಿದ್ಲು ಪಾಪ. ನೀನು ಬಂದುಬಿಡೇ, ಆ ಊರು ಸಾಕು."

ಆ ಮನೆಯಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ರೇಡಿಯೋ ಇರದಿದ್ದರೆ ಎಲ್ಲವನ್ನೂ ಕೇಳಿಸಿಕೊಂಡೇ ಬೆಳೆದಿದ್ದೇನೆ. ಬೆಣ್ಣೆ ದೋಸೆ ತಿಂದೆ, ಮೃದು ಅನಿಸಿತು, ವಾಪಸು ಬಸ್ಸು ಹತ್ತಿದೆ. ಸಾಕ್ಷಿ ಹೇಳುವ ದಿನ ಇಲ್ಲಿರಬೇಕು. ಆಮೇಲೆ ಎಲ್ಲಿರಬೇಕೋ ಗೊತ್ತಿಲ್ಲ. ಅಲ್ಲಿ ನಾನು ಮನೆಯ ಮಗಳು, ಇಲ್ಲಿ ಮನೆ ಒಡೆದ ಮೇಡಂ.

ಕಲಾವತಿ ಮೊಗುಡಂಪಲ್ಲಿಯಿಂದ ಫೋನ್ ಮಾಡುತ್ತಾಳೆ. ಮುಂಗೈ ಸೊಟ್ಟಗೆ ಕೂಡಿದೆಯಂತೆ. "ರೊಟ್ಟಿ ಬಡದ್ರ ಒಂದ್ ಕಡಿ ದಪ್ಪ ಆಗ್ತದ. ನೀವು ತಿಂತೀರೇನು ಈಗ, ಅದು?"

"ಇಲ್ಲ," ಎಂದೆ. ಆಮೇಲೆ, "ಇವತ್ತು ತಿಂದೆ" ಎಂದೆ.

"ಬರೀರಿ ಹಂಗಾರ."

ಹೊಸ ನೋಟ್‌ಬುಕ್ ತೆರೆದೆ. ದಿನಾಂಕ ಹಾಕಿದೆ. ಶೀರ್ಮಾಲ್, ಒಂದು. ನಾನೇ ಕೊಂಡದ್ದು.