ಗ್ಯಾರೇಜ್ ತಾತನ ಹಿತ್ತಾಳೆ

ಪಕ್ಕದ ಮನೆಯ ಮುದುಕರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಹಿತ್ತಾಳೆ ಉಜ್ಜಿದವರ ಕೈಗೆ ಹತ್ತುವ ಕಪ್ಪು ಅದು. ದೀಪ, ಚೆಂಬು ಬೆಳಗಿದ ದಿನ ನನ್ನ ಕೈಗೂ ಹತ್ತುತ್ತದೆ, ತೊಳೆದರೆ ಹೋಗುತ್ತದೆ. ಅವರದು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೇಲಿಯ ಆಚೆಯಿಂದ ಆ ಹೆಬ್ಬೆರಳನ್ನೇ ಎತ್ತಿ ನನಗೆ ನಮಸ್ಕಾರ ಹೇಳುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಬಂದುಬಿಡುತ್ತಿದ್ದೆ.

ಮಕ್ಕಳೇ, ನೀವು ಅವರನ್ನು ಗ್ಯಾರೇಜ್ ತಾತ ಅನ್ನುತ್ತಿದ್ದಿರಿ. ನಾನೂ ಹಾಗೆಯೇ ಬರೆಯುತ್ತೇನೆ. ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಿಮ್ಮ ಸ್ವಂತ ತಾತ ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ರಜೆಯಲ್ಲಿ ಊರಿಗೆ ಬಂದರೆ ಅತ್ತೆ, ಮಾವ, ಮೈದುನರ ನಡುವೆ ನನಗೆ ಸಿಗುತ್ತಿದ್ದದ್ದು ಊಟ ಬಡಿಸುವಾಗಿನ ಎರಡು ಮಾತು. ಪಿಂಚಣಿ ಬಂದ ಮೇಲೆ ಮಾತಾಡುತ್ತಾರೆ ಅಂದುಕೊಂಡೆ. ಅಷ್ಟು ಹೊತ್ತಿಗೆ ಅವರಿಗೆ ಸುಮ್ಮನಿರುವುದೇ ಅಭ್ಯಾಸವಾಗಿತ್ತು. 2013ರಲ್ಲಿ ನಿಮ್ಮಮ್ಮ ನಮ್ಮಿಬ್ಬರನ್ನೂ ಅಮೆರಿಕಕ್ಕೆ, ಈ ಬಾಥೆಲ್‌ಗೆ ಕರೆಸಿಕೊಂಡಾಗ ನನಗಿದ್ದದ್ದು ಒಂದೇ ಆಸೆ. ಇಲ್ಲಿ ನೆಂಟರಿಲ್ಲ, ಹೊಲವಿಲ್ಲ, ಅವರು ಹೋಗಿ ಕೂರುವುದಕ್ಕೆ ಹೋಟೆಲಿನ ಬೆಂಚಿಲ್ಲ. ಇನ್ನು ನನ್ನ ಜೊತೆಯಲ್ಲದೆ ಯಾರ ಜೊತೆ ಮಾತಾಡಿಯಾರು?

ಬಂದು ಸ್ವಲ್ಪ ದಿನಕ್ಕೇ, ವಾಕಿಂಗ್ ಹೊರಟವರು ಪಕ್ಕದ ಮನೆಯ ತೆರೆದ ಗ್ಯಾರೇಜಿನ ಮುಂದೆ ನಿಂತುಬಿಟ್ಟರು. ಒಳಗೆ ಮೇಜಿನ ಮೇಲೆ ಹಾರಿಸಿ ಮುಗಿದ ಕಾಡತೂಸುಗಳ ಹಿತ್ತಾಳೆ ಕೊಳವೆಗಳು ಗುಡ್ಡೆ ಬಿದ್ದಿದ್ದವು. ಯಾವುದೋ ಕಾಲದ ಸೇನೆಯವರು ಬಳಸಿ ಮಾರಿದ ಮಾಲು.

"ತ್ರೀ ನಾಟ್ ತ್ರೀ!" ಅಂದರು ನಿಮ್ಮ ತಾತ, ತಪ್ಪಿಸಿಕೊಂಡಿದ್ದ ಎಮ್ಮೆ ಕಣ್ಣಿಗೆ ಬಿದ್ದವರ ಹಾಗೆ. ಸೇನೆಯಲ್ಲಿ ಅವರು ರಿಪೇರಿ ಮಾಡುತ್ತಿದ್ದ ಬಂದೂಕಿನ ಹೆಸರು ಅದು.

ಗ್ಯಾರೇಜ್ ತಾತ ಕನ್ನಡಕವನ್ನು ಹಣೆಗೇರಿಸಿ, ಒಂದು ಕುರ್ಚಿ ಎಳೆದು ಹಾಕಿದರು. ನನ್ನ ಆಸೆ ಅಲ್ಲಿಗೆ ಮುಗಿಯಿತು.

ಅವರು ಆ ಖಾಲಿ ಕೊಳವೆಗಳಿಗೆ ಹೊಸದಾಗಿ ಮದ್ದು, ಗುಂಡು ಕೂಡಿಸಿ, ಶನಿವಾರ ಗುರಿಯ ಮೈದಾನಕ್ಕೆ ಹೋಗಿ ಹಳೆಯ ಬಂದೂಕಿನಲ್ಲಿ ಹಾರಿಸುತ್ತಿದ್ದರು. ಆಮೇಲೆ ಬಗ್ಗಿ ಬಗ್ಗಿ ಹುಲ್ಲಿನಿಂದ ಅವೇ ಕೊಳವೆಗಳನ್ನು ಆಯ್ದು ತರುತ್ತಿದ್ದರು. ಅಂಗಡಿಯಲ್ಲಿ ಹೊಸದೇ ಸಿಗುತ್ತದಲ್ಲ ಎಂದು ನಿಮ್ಮಪ್ಪ ಕೇಳಿದ್ದಕ್ಕೆ, "ಅವಸರ ಇದ್ದವರು ಕೊಂಡುಕೊಳ್ಳಲಿ" ಅಂದರಂತೆ. ಸೇನೆಯವರು ಕೊಳವೆಯ ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆಯನ್ನು ಬಿದ್ದುಹೋಗದ ಹಾಗೆ ಸುತ್ತ ಗುದ್ದಿ ಬಿಗಿ ಮಾಡಿರುತ್ತಾರೆ. ಆ ಗುದ್ದಿದ ಅಂಚನ್ನು ಹೆರೆದು ತೆಗೆಯದಿದ್ದರೆ ಹೊಸ ಬಿಲ್ಲೆ ಕೂರುವುದಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು, ತಿರುವಿ, ಹೆರೆಯಬೇಕು. ಆ ಕೆಲಸ ನಿಮ್ಮ ತಾತನಿಗೆ ಬಂತು. ಕೊಳವೆಗೆ ಗುಂಡು ಕೂರಿಸುವ, ಶಾವಿಗೆ ಒತ್ತಿನಂಥ ಯಂತ್ರದ ಹಿಡಿ ಗ್ಯಾರೇಜ್ ತಾತನ ಕೈಯಲ್ಲಿ. ಇಬ್ಬರ ಬಾಯಿಗೂ ಬಿಡುವಿಲ್ಲ. ನಿಮ್ಮ ತಾತನಿಗೆ ಬರುತ್ತಿದ್ದದ್ದು ಸೇನೆಯ ಇಂಗ್ಲಿಷು, ಅದರಲ್ಲೇ ಅದೆಷ್ಟು ಮಾತು!

ನಮ್ಮ ಅಡುಗೆಮನೆಯ ಕಿಟಕಿ ಆ ಕಡೆಗೇ ಇತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಅವರಿಬ್ಬರ ನಗು ಕೇಳುತ್ತಿತ್ತು. ನಿಮ್ಮ ತಾತ ಹಾಗೆ ಗಟ್ಟಿಯಾಗಿ ನಗುತ್ತಾರೆಂದು ನನಗೆ ಗೊತ್ತಾದದ್ದೇ ಆ ಕಿಟಕಿಯಿಂದ.

"ಏನ್ರೀ ಅದು, ಅಷ್ಟೊಂದು ನಗ್ತಿದ್ರಿ?" ಎಂದು ಕೇಳುತ್ತಿದ್ದೆ.

"ಏನಿಲ್ಲ ಕಣೆ, ಹಂಗೇ ಸುಮ್ನೆ."

"ನಂಗೂ ಒಸಿ ಹೇಳಿ."

"ಅದೆಲ್ಲ ನಿಂಗರ್ಥ ಆಗಲ್ಲ ಬಿಡು. ಮಜ್ಜಿಗೆ ಹಾಕು."

ಗ್ಯಾರೇಜ್ ತಾತ ಮದ್ದು ತೂಗಿ ತುಂಬುವಾಗ ಮಾತ್ರ ರೇಡಿಯೋ ಆರಿಸಿ, ಬಾಯಿಗೆ ಬೆರಳಿಟ್ಟು ತೋರಿಸುತ್ತಿದ್ದರು. ಆಗ ಯಾರೂ ಉಸಿರೆತ್ತುವಂತಿಲ್ಲ. ಇಡೀ ದಿನದಲ್ಲಿ ನನಗೆ ಹಿತವಾಗಿದ್ದ ಹೊತ್ತು ಅದೊಂದೇ.

ಒಂದು ಭಾನುವಾರ, ಹೆರೆದು ಮುಗಿಸಿದ ಕೊಳವೆಗಳ ಬಕೆಟ್ಟನ್ನು ನಿಮ್ಮ ತಾತ ಮನೆಗೆ ತಂದಿಟ್ಟಿದ್ದರು. ಎಷ್ಟೋ ವಾರಗಳ ದುಡಿಮೆ ಅದು. ಕೊಳವೆಗಳೆಲ್ಲ ಮಂಕು ಹಿಡಿದಿದ್ದವು. ಗ್ಯಾರೇಜ್ ತಾತನ ಹತ್ತಿರ ತಿಕ್ಕುವ ಯಂತ್ರವಿತ್ತು, ಗುರ್ ಎಂದು ತಿರುಗುತ್ತಲೇ ಇರುತ್ತಿತ್ತು. ನನಗನ್ನಿಸಿತು, ಹಿತ್ತಾಳೆ ಬೆಳಗುವುದನ್ನು ಯಂತ್ರದಿಂದ ಕಲಿಯಬೇಕೇ ನಾನು? ಹುಣಸೆಹಣ್ಣಿನ ದೊಡ್ಡ ಉಂಡೆಯನ್ನೇ ಕಿವುಚಿ, ಉಪ್ಪು ಸುರಿದು, ಬಿಸಿನೀರು ಹೊಯ್ದು, ಹಬ್ಬದ ಪಾತ್ರೆಗಳ ಹಾಗೆ ಅಷ್ಟನ್ನೂ ಮುಳುಗಿಸಿದೆ. ಅಷ್ಟರಲ್ಲಿ ನಿಮ್ಮಮ್ಮ ದೇವಸ್ಥಾನಕ್ಕೆ ಹೊರಡಿಸಿದಳು. ಅಲ್ಲಿಂದ ಪಕ್ಕದೂರು ಕರ್ಕ್‌ಲ್ಯಾಂಡಿನಲ್ಲಿ ಯಾರದೋ ಮನೆಯ ಊಟ. ಸಂಜೆ ಬಂದು ನೋಡಿದರೆ ಕೊಳವೆಗಳು ಥಳಥಳ ಅನ್ನುತ್ತಿವೆ. ಆದರೆ ಬಣ್ಣ ಹಳದಿಯಲ್ಲ, ತಾಮ್ರದ ಕೆಂಪು.

ನಿಮ್ಮ ತಾತ ಒಂದನ್ನು ಎತ್ತಿ ನೋಡಿ ನೆಲದ ಮೇಲೇ ಕೂತುಬಿಟ್ಟರು. "ಯಾರೇ ಹೇಳಿದ್ದು ನಿಂಗೆ? ಅವನಿಗೆ ಏನಂತ ಮುಖ ತೋರಿಸ್ಲಿ?"

ಬಕೆಟ್ ಹಿಡಿದು ಅವರು ಮುಂದೆ, ಪುಟ್ಟೀ, ಇಂಗ್ಲಿಷನ್ನು ಕನ್ನಡ ಮಾಡಿ ಹೇಳಲೆಂದು ನಿನ್ನ ಕೈ ಹಿಡಿದು ನಾನು ಹಿಂದೆ. ಆ ಗ್ಯಾರೇಜಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಗ್ಯಾರೇಜ್ ತಾತ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. ಆಮೇಲೆ ಬಕೆಟ್ಟಿನ ನೀರಿಗೆ ಬೆರಳದ್ದಿ ನೆಕ್ಕಿಬಿಟ್ಟರು! ಒಂದು ಕಣ್ಣು ಮುಚ್ಚಿಹೋಯಿತು, ಮುಖವೆಲ್ಲ ಸೊಟ್ಟಗಾಯಿತು. ನಿಮ್ಮ ತಾತನಿಗೆ ನಗು ತಡೆಯಲಾಗಲಿಲ್ಲ. ನನಗೂ.

"ಅಜ್ಜಿ, ಹಿ ಸೇಸ್ ತುಂಬಾ ಪ್ರೆಟಿಯಾಗಿದೆಯಂತೆ. ಬಟ್ ಶೂಟ್ ಮಾಡಕ್ಕಾಗಲ್ವಂತೆ. ಹುಳೀಲಿ ಜಾಸ್ತಿ ಹೊತ್ತು ಇದ್ರೆ ವೀಕ್ ಆಗತ್ತಂತೆ, ಒಡೆದ್ಹೋಗತ್ತಂತೆ," ಎಂದು ನೀನು ಹೇಳಿದೆ. "ನೆಕ್ಸ್ಟ್ ಟೈಮ್ ಟೆನ್ ಮಿನಿಟ್ಸ್ ಓನ್ಲಿ ಅಂತೆ."

ಮತ್ತೊಂದು ಸಲ ಕೊಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅವರು ಒಳಗೆ ಹೋಗಿ, ಮೊಟ್ಟೆ ಬೇಯಿಸುವಾಗ ತಿರುಗಿಸಿಡುವ ಪುಟ್ಟ ಗಡಿಯಾರ ತಂದು ನನ್ನ ಕೈಗಿಟ್ಟರು. ಕೆಂಪು ಕೊಳವೆಗಳನ್ನೆಲ್ಲ ಚಪ್ಪಟೆ ಮಾಡಿ ಗುಜರಿ ಡಬ್ಬಕ್ಕೆ ಹಾಕಿದರು.

ಆಮೇಲಿನಿಂದ ನನಗೂ ಅಲ್ಲೊಂದು ಕುರ್ಚಿ ಬಂತು. ಹುಣಸೆಹುಳಿಯ ಬೋಗುಣಿ, ಟಿಕ್ ಟಿಕ್ ಎನ್ನುವ ಗಡಿಯಾರ, ನಾನು. ಅವರಿಬ್ಬರ ಮಾತು ಮಾತ್ರ ನನ್ನ ತಲೆಯ ಮೇಲಿನಿಂದಲೇ ಹಾದುಹೋಗುತ್ತಿತ್ತು. ಕಿಟಕಿಯಲ್ಲಿ ನಿಂತು ಪಡುತ್ತಿದ್ದ ಹೊಟ್ಟೆಯುರಿ ಈಗ ಹತ್ತಿರಕ್ಕೆ ಬಂದು ಕೂತಿತು, ಅಷ್ಟೆ.

ನಿಮ್ಮ ತಾತ ಒಂದು ಬೆಳಿಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಗ್ಯಾರೇಜ್ ತಾತ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತರು. ಟೋಪಿ ಮೊಣಕಾಲಿನ ಮೇಲಿತ್ತು. ಪುಟ್ಟೀ, ಅವತ್ತೂ ನೀನೇ ಬೇಕಾಯಿತು.

"ಅಜ್ಜಿ, ತಾತ ಒಂದ್ಸಲ ನಿಂಗೆ ಬ್ಲೂ ಸ್ಯಾರಿ ತಗೊಂಡಿದ್ರಂತೆ, ಆರ್ಮಿಲಿದ್ದಾಗ. ಟ್ರೈನಲ್ಲಿ ಕಳೆದ್ಹೋಯ್ತಂತೆ. ನೀನು ಸ್ಯಾಡ್ ಆಗ್ತೀಯ ಅಂತ ಹೇಳ್ಲೇ ಇಲ್ವಂತೆ."

ನಾನು ಅಳಲಿಲ್ಲ. ಮೈಯೆಲ್ಲ ಉರಿಯಿತು. ನನಗೆ ತಂದ ಸೀರೆಯ ಸುದ್ದಿ ಈ ಹೊರಗಿನ ಮನುಷ್ಯನಿಗೆ ಗೊತ್ತು, ನನಗೆ ಗೊತ್ತಿಲ್ಲ! ಒಳಗೆ ಹೋಗಿ ಕಾಫಿ ಮಾಡಿ ತಂದು, ಮುಖ ನೋಡದೆ ಲೋಟ ಇಟ್ಟೆ. ಅವರು ಮತ್ತೆ ಮತ್ತೆ ಬಂದರು. ಬಂದಾಗಲೆಲ್ಲ ನಿಮ್ಮ ತಾತ ಹೇಳಿದ್ದ ಒಂದೊಂದು ಸಂಗತಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಹೋದರು. ಹಿಮ ಬಿದ್ದರೆ ಅವರಿಗೆ ಭಯವಾಗುತ್ತಿತ್ತಂತೆ. ನಾನು ಊರಿನಲ್ಲಿ ಸೋಬಾನೆ ಹೇಳುವಾಗ ಹಿತ್ತಲಲ್ಲಿ ನಿಂತು ಕೇಳುತ್ತಿದ್ದರಂತೆ. ಸುದ್ದಿ ತಂದು ಕೊಡುವವರ ಮೇಲೆ ಸಿಟ್ಟು, ಕೊಡದೆ ಹೋದರೆ ಇನ್ನೂ ಸಿಟ್ಟು. ಹಾಗಿತ್ತು ನನ್ನ ಪಾಡು.

ಸೀರೆಯ ಅಂಚು ಯಾವ ಬಣ್ಣದ್ದೆಂದು ಕೇಳಿಸಬೇಕೆಂದಿದ್ದೆ. ಈ ವಯಸ್ಸಿನಲ್ಲಿ, ಪರಗಂಡಸನ್ನು, ಮೊಮ್ಮಗಳ ಬಾಯಿಂದ ಅದನ್ನೆಲ್ಲ ಕೇಳಿಸುವುದೇ ಎಂದು ನಾಚಿಕೆ. ಮುಂದಿನ ಸಲ, ಮುಂದಿನ ಸಲ ಎನ್ನುತ್ತಿರುವಾಗ ಅವರೂ ತೀರಿಕೊಂಡರು. ಅವರ ಗ್ಯಾರೇಜಿನ ಬಾಗಿಲು ಮುಚ್ಚಿತು.

ಸೀರೆ ಕಳೆದವರು ನಿಮ್ಮ ತಾತ. ಅದನ್ನು ನನಗೆ ತಂದುಕೊಟ್ಟವರು ಗ್ಯಾರೇಜ್ ತಾತ. ಆ ಋಣ ನನ್ನ ಮೇಲಿದೆ.

ದೀಪ ಬೆಳಗಲೆಂದು ಹುಣಸೆಹುಳಿಯಲ್ಲಿ ಮುಳುಗಿಸಿದಾಗ ಈಗಲೂ ಆ ಗಡಿಯಾರ ತಿರುಗಿಸಿಡುತ್ತೇನೆ. ಅದು ಟಿಕ್ ಟಿಕ್ ಎನ್ನುವಷ್ಟು ಹೊತ್ತು ಆ ನೀಲಿ ಸೀರೆಗೆ ಒಂದೊಂದೇ ಅಂಚು ಹಚ್ಚಿ ನೋಡುತ್ತೇನೆ. ಅರಿಶಿನದ್ದು, ಕುಂಕುಮದ್ದು, ಸಣ್ಣ ಜರಿಯದ್ದು. ಗಂಟೆ ಹೊಡೆದರೆ ದೀಪ ತೆಗೆದು ತೊಳೆಯುತ್ತೇನೆ. ಅವರಿಬ್ಬರೂ ಎಲ್ಲೋ ಕುರ್ಚಿ ಎಳೆದುಕೊಂಡು ಮಾತಿಗೆ ಕೂತಿರುತ್ತಾರೆ. ಅಂಚು ಯಾವುದೆಂದು ಗ್ಯಾರೇಜ್ ತಾತನಿಗೆ ಗೊತ್ತಾಗಿರುತ್ತದೆ, ಈ ಸಲವೂ ನನಗಿಂತ ಮೊದಲು.