ಎತ್ತರದ ಹಲಗೆಯ ಮೇಲೆ

ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಸುರಕ್ಷತಾ ತರಬೇತಿ ಪಾಸಾಗದೆ ಹಡಗು ಹತ್ತಿಸುವುದಿಲ್ಲ. ಬೆಂಕಿ ಆರಿಸುವುದನ್ನು ಹೇಗೋ ಕಲಿತೆ. ಕೊನೆಗೆ ಲೈಫ್ ಜಾಕೆಟ್ ತೊಟ್ಟು ಎತ್ತರದ ಹಲಗೆಯಿಂದ ಈಜುಕೊಳಕ್ಕೆ ಜಿಗಿಯಬೇಕಿತ್ತು. ಹಲಗೆ ಹತ್ತಿದವನು ಅಷ್ಟು ನೀರು ನೋಡಿ ತುದಿಯಲ್ಲೇ ನಿಂತುಬಿಟ್ಟೆ. ತರಬೇತಿ ಕೊಡುವವರು ಹಿಂದಿಯಲ್ಲಿ ಗದರುತ್ತಲೇ ಇದ್ದರು.

"ಉಚ್ಚಂಗೆಮ್ಮಾ, ಕಾಪಾಡವ್ವಾ!" ಎಂದು ನಮ್ಮ ಕಡೆಯ ದೇವಿಯನ್ನು ಕೂಗಿಬಿಟ್ಟೆ.

ಗದರಿಕೆ ನಿಂತಿತು. ಅವರು ಹಲಗೆ ಹತ್ತಿ ಬಂದು, "ಯಾವೂರಪ್ಪಾ ನಿಂದು?" ಎಂದರು.

"ಗುಡೇಕೋಟಿ ರೀ."

"ಹೌದಾ? ನಂದೂ ಆ ಕಡೀದೇ, ಚಿಗಟೇರಿ!"

ಇನ್ನು ಜಿಗಿಯುವುದು ತಪ್ಪಿತು ಎಂದು ಖುಷಿಪಟ್ಟೆ. ಅಷ್ಟರಲ್ಲಿ ಅವರು ಬೆನ್ನಿಗೆ ಕೈಯಿಟ್ಟು ನೂಕಿಯೇಬಿಟ್ಟರು. ಮುಳುಗಿದೆ, ತೇಲಿದೆ, ಪಾಸಾದೆ.

ಸಂಜೆ ಅವ್ವ ಫೋನಿನಲ್ಲಿ, "ಅಲ್ಲಿ ನಮ್ಮ ಕಡಿಯವರು ಯಾರಾದ್ರೂ ಅದಾರೇನಪ್ಪಾ?" ಎಂದು ಕೇಳಿದಳು.

"ಒಬ್ರು ಅದಾರವ್ವಾ. ನನ್ನ ಬೆನ್ನಿಗೇ ನಿಂತಿದ್ರು" ಅಂದೆ.

ಸುಳ್ಳಂತೂ ಹೇಳಲಿಲ್ಲ.