ತೃಪ್ತಿ ಅಂದರೆ ಸಾಕು

ನನ್ನ ಬಾಯಿ ಸ್ವಲ್ಪ ಜೋರು ಎಂದು ಚಿಕ್ಕಬಳ್ಳಾಪುರದ ಹೊರಗಿರುವ ನಮ್ಮ ಗಾರ್ಮೆಂಟ್ಸಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಆವತ್ತು ನಾನು ಆಡಿದ್ದು ಒಂದೇ ಒಂದು ಮಾತು, ಅದೂ ಹೇಳಿಕೊಟ್ಟ ಮಾತು. ಅದರಿಂದಲೇ ಒಬ್ಬರ ಕೆಲಸಕ್ಕೆ ಸಂಚಕಾರ ಬಂತು.

ನಮ್ಮದು ಶರ್ಟು ಹೊಲಿಯುವ ಲೈನು. ನಾನು ಕಾಲರಿನವಳು. ಲೈನಿನ ಸೂಪರ್‌ವೈಸರ್ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು, ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುವವರು, ಮನೆಮಾತು ತೆಲುಗು. ಬೈಯುವುದರಲ್ಲಿ ಮಾತ್ರ ಬಲು ಧಾರಾಳ. ಹೊಲಿಗೆ ಸೊಟ್ಟಗಾದರೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ನಾವೂ ಅವರು ಆ ಕಡೆ ತಿರುಗಿದ ತಕ್ಷಣ ಅಣಕಿಸಿ ನಗುತ್ತಿದ್ದೆವು.

ಒಂದು ಸೋಮವಾರ ಅವರು ಓಡೋಡಿ ಬಂದರು. ಬೆಂಗಳೂರಿನ ಹೆಡ್ ಆಫೀಸಿನಿಂದ ಒಬ್ಬ ಸಾಹೇಬರು ಬರುತ್ತಾರೆ, ಕೆಲಸದಲ್ಲಿ ತೃಪ್ತಿ ಇದೆಯಾ ಅಂತ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ ಎಂದರು.

"ತೃಪ್ತೀನಾ? ಹಂಗಂದ್ರೇನು ಮೇಡಂ?" ಎಂದು ಗುಂಡಿ ಹಾಕುವ ಅಜ್ಜಿ ಕೇಳಿದರು.

"ಹೊಟ್ಟೆ ತುಂಬಾ ಊಟ ಆದ್ಮೇಲೆ ಬಡಿಸೋರಿಗೆ ಏನಂತೀಯಮ್ಮಾ?"

"ಸಾಕು ಅಂತೀನಿ."

"ಅದೇ ತೃಪ್ತಿ! ಅವರು ಏನೇ ಕೇಳ್ಲಿ, ಸಾಕು ಸಾರ್ ಅನ್ನಿ. ಜಾಸ್ತಿ ಮಾತಾಡಿ ನನ್ನ ಮಾನ ಕಳೀಬೇಡಿ. ಅಕ್ಕಾ, ನಿಮಗೇ ಹೇಳ್ತಿರೋದು" ಎಂದು ನನ್ನತ್ತ ನೋಡಿದರು.

ಹೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಮಾರನೆಯ ದಿನ ಸಾಹೇಬರು ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು ಒಬ್ಬೊಬ್ಬರನ್ನೇ ಕರೆದರು. ನನ್ನ ಸರದಿ ಬಂದಾಗ, "ಈ ಸೂಪರ್‌ವೈಸರ್ ಕೈಕೆಳಗೆ ಕೆಲಸ ಹೇಗಿದೆ?" ಎಂದರು.

"ಸಾಕು ಸಾರ್."

"ಇವರನ್ನೇ ಮುಂದುವರಿಸೋಣವಾ?"

"ಸಾಕು ಸಾರ್!" ಎಂದು ಇನ್ನೂ ಒತ್ತಿ ಹೇಳಿದೆ. ಅವರು ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿ ಬರೆದುಕೊಂಡರು. ನಾನು ಬೀಗುತ್ತಾ ಹೊರಗೆ ಬಂದೆ.

ನನ್ನ ಹಿಂದೆ ಹೋದ ಅಜ್ಜಿಗೆ ಗಾಬರಿಯಲ್ಲಿ ಕನ್ನಡವೇ ಮರೆತುಹೋಗಿ, "ಚಾಲು ಸಾರ್, ಚಾಲು" ಎಂದರಂತೆ. ತೆಲುಗಿನಲ್ಲಿ ಅದೂ ಸಾಕು ಎಂದೇ. ಪಾಪ ಸಾಹೇಬರು, "ಏನು ಚಾಲು ಮಾಡ್ಬೇಕಮ್ಮ?" ಎಂದು ಸ್ವಿಚ್ಚಿನ ಕಡೆ ನೋಡಿದರಂತೆ. ಶಿಡ್ಲಘಟ್ಟದಿಂದ ಬರುವ ಸಾಬರ ಹುಡುಗಿ ತನ್ನ ಉರ್ದುವಿನಲ್ಲೂ ಒಂದು ಸಾಕು ಇರಲಿ ಎಂದು, "ಬಸ್ ಸಾರ್, ಬಸ್ ಬಸ್" ಎಂದು ಕೈ ಬೇರೆ ಆಡಿಸಿದ್ದಳು. ಹೀಗೆ ಮೂರು ಭಾಷೆಯಲ್ಲಿ ಇಡೀ ಲೈನು ಒಂದೇ ಉತ್ತರ ಕೊಟ್ಟಿತು.

ಮಧ್ಯಾಹ್ನ ಸೂಪರ್‌ವೈಸರನ್ನು ಒಳಗೆ ಕರೆದರು. ಹೊರಗೆ ಬಂದವರು ನೇರ ನನ್ನ ಮಷೀನಿನ ಬಳಿ ಬಂದರು.

"ನನ್ನನ್ನ ಬೆಂಗಳೂರು ಯೂನಿಟ್‌ಗೆ ಹಾಕ್ತಾರಂತೆ ಅಕ್ಕಾ. ಎಲ್ಲಾರಿಗೂ ನಾನು ಸಾಕಾಗಿದೀನಂತೆ."

ಬೆಂಗಳೂರು ಎಂದರೆ ಅವರು ಕೆಲಸ ಬಿಟ್ಟಂತೆಯೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬೇಕು ಎಂಬ ಒಪ್ಪಂದದ ಮೇಲೆ ಅತ್ತೆ ಅವರನ್ನು ಕಳಿಸುತ್ತಿದ್ದರು. ಕೈಯಲ್ಲಿದ್ದ ಕಾಲರು ಎಸೆದು ಎದ್ದೆ. ಹಿಂದೆಯೇ ಇಡೀ ಲೈನು ಎದ್ದಿತು. ಆ ಪುಟ್ಟ ಕ್ಯಾಬಿನ್ನಿಗೆ ನುಗ್ಗಿದ ನಮ್ಮನ್ನು ಕಂಡು ಸಾಹೇಬರು ಕುರ್ಚಿಯನ್ನು ಗೋಡೆಯವರೆಗೂ ಸರಿಸಿಕೊಂಡರು.

"ನಾವಂದಿದ್ದು ಆ ಸಾಕಲ್ಲ ಸಾರ್, ಊಟದ ಸಾಕು!" ಎಂದೆ.

"ಊಟದ್ದು ಆರನೇ ಪ್ರಶ್ನೆ. ಅದು ಬೇರೆ" ಎಂದರು ಅವರು ಹಾಳೆ ತಿರುವುತ್ತಾ.

ತಲೆ ಕೆಟ್ಟುಹೋಯಿತು. ಎಲ್ಲರೂ ಒಟ್ಟಿಗೆ ವಿವರಿಸತೊಡಗಿದರು, ಮೇಡಂ ದಿನಾ ಬೈಯುವುದನ್ನೂ ಯಾರೋ ನಗುತ್ತಾ ಹೇಳಿದರು, ಏನೂ ಅರ್ಥವಾಗಲಿಲ್ಲ. ಸಾಹೇಬರು ಮೇಜು ಕುಟ್ಟಿ, "ಒಬ್ಬರು ಹೇಳಿ. ದಿನಾ ಬೈತಾರೆ ಅಂತ ನೀವೇ ನಗ್ತಾ ಇದ್ದೀರ. ಮತ್ತೆ ಇವರೇ ಯಾಕೆ ಬೇಕು?" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಜೋರು ಬಾಯಿಯವಳು ನಾನೇ ತಾನೆ. ಸಂಬಳವೋ ಫ್ಯಾನೋ ಆಗಿದ್ದರೆ ಹೇಳುವುದು ಸುಲಭವಿತ್ತು.

"ಹೋದ ತಿಂಗಳು ಜ್ವರ ಬಂದು ಮಲಗಿದ್ದೆ ಸಾರ್" ಎಂದೆ. "ಮನೇಲಿ ಎಲ್ಲಾರೂ ಬಾಗಿಲಲ್ಲಿ ನಿಂತ್ಕೊಂಡು 'ಅಡುಗೆ ಯಾರು ಮಾಡ್ತಾರೆ' ಅಂದ್ರು. ಈಯಮ್ಮ ಫೋನ್ ಮಾಡಿ 'ಅಕ್ಕಾ, ನಿಮಗೇನಾಯ್ತು' ಅಂದ್ರು. ಕಾಲರ್ ಮಾತೇ ಎತ್ತಲಿಲ್ಲ."

ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಇವರು ಇಲ್ಲೇ ಇರ್ಲಿ ಬಿಡಿ" ಎಂದರು.

ಹೊರಗೆ ಹೋ ಎಂದು ಗದ್ದಲ ಎದ್ದಿತು. ನಾನು ಮಾತ್ರ ಮಷೀನಿಗೆ ಬಂದು ತಲೆ ತಗ್ಗಿಸಿ ಕುಳಿತೆ. ಮನೆಯ ಮಾತನ್ನು ಅಷ್ಟು ಜನರ ಮುಂದೆ ಆಡಿಬಿಟ್ಟಿದ್ದೆ. ಆಡುವವರೆಗೂ ಅದು ನನ್ನನ್ನು ಅಷ್ಟು ನೋಯಿಸಿದೆ ಎಂದು ನನಗೇ ಗೊತ್ತಿರಲಿಲ್ಲ.